ಸಾಸಿವೆ ಕಾಳಿನಷ್ಟು ಹರಳು: ಗದಗ-ಹುಬ್ಬಳ್ಳಿ ಸೀಮೆಯಲ್ಲಿ ಸೂಕ್ಷ್ಮ ಖನಿಜ ಸಂಗ್ರಹಿಸುವ ಬಗೆ

ಗದಗದಿಂದ ಮುಂಡರಗಿ ಕಡೆ ಹೋಗುವ ದಾರಿಯಲ್ಲಿ ನಮ್ಮ ಮಾವನ ಹೊಲ. ಅಲ್ಲಿ ಬೋರು ಹೊಡೆಸಿದ ದಿನ ನೀರು ಬರಲಿಲ್ಲ. ರಿಗ್ಗಿನವರು ರಾಡು ಬಿಚ್ಚಿ ಲಾರಿಗೆ ಏರಿಸುತ್ತಿದ್ದರು. ಮಾವ ತಲೆ ಮೇಲೆ ಕೈ ಹೊತ್ತು ಬದುವಿನ ಮೇಲೆ ಕೂತಿದ್ದರು. ಮಾಡಲು ಬೇರೇನೂ ಕೆಲಸವಿಲ್ಲದೆ ನಾನು ಬೋರಿನ ಬಾಯಿ ಸುತ್ತ ಬಿದ್ದಿದ್ದ ಹಸಿರು-ಬೂದು ಕಲ್ಲಿನ ಚೂರು ಒಂದು ಹಿಡಿ ತೊಳೆದೆ. ಅಂಗೈಯಲ್ಲಿ ಏನೋ ಮಿಂಚಿತು. ಮನೆಗೆ ತಂದು ಲೆನ್ಸಿನಲ್ಲಿ ನೋಡಿದರೆ ಸಾಸಿವೆಗಿಂತ ಸಣ್ಣದೊಂದು ಘನ. ಹಿತ್ತಾಳೆ ಬಣ್ಣ, ಆರೂ ಮುಖ ಅಕ್ಕಸಾಲಿ ಕಡೆದಿಟ್ಟ ಹಾಗೆ ನುಣುಪು. ಪೈರೈಟ್, ಕಬ್ಬಿಣ-ಗಂಧಕದ ಖನಿಜ. ಬೋರಿಗೆ ಸುರಿದ ದುಡ್ಡು ಮಾವನಿಗೆ ಮರಳಲಿಲ್ಲ, ನನಗೆ ಮಾತ್ರ ಈ ಹುಚ್ಚು ಹತ್ತಿತು.

ಈ ಹುಚ್ಚಿಗೆ ಮೈಕ್ರೋಮೌಂಟಿಂಗ್ ಎಂದು ಹೆಸರಿದೆ. ಬರಿಗಣ್ಣಿಗೆ ಸರಿಯಾಗಿ ಕಾಣದ, 10ರಿಂದ 40 ಪಟ್ಟು ಹಿಗ್ಗಿಸಿದಾಗ ಪೂರ್ತಿ ರೂಪ ತೋರಿಸುವ ಹರಳುಗಳನ್ನು ಆರಿಸಿ, ಇಂಚಿನಷ್ಟು ಡಬ್ಬಿಯಲ್ಲಿ ಕೂರಿಸಿ, ಊರು-ಹೆಸರು ಬರೆದಿಡುವುದು ಇದರ ಕೆಲಸ. 1870ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇದಕ್ಕೊಂದು ಶಿಸ್ತು ಬಂತು.

ಖನಿಜ ಸಂಗ್ರಹ ಅಂದ ಕೂಡಲೇ ನಮ್ಮವರು ಪುಣೆ, ನಾಸಿಕ, ಜಳಗಾಂವ ಕಡೆ ಕೈ ತೋರಿಸುತ್ತಾರೆ. ಅಲ್ಲಿಯ ಬಸಾಲ್ಟ್ ಎಂಬ ಕಪ್ಪು ಲಾವಾ ಶಿಲೆಯ ಪೊಳ್ಳುಗಳಲ್ಲಿ ಅಂಗೈ ಅಗಲದ ಅಪೊಫಿಲೈಟ್, ಸ್ಟಿಲ್ಬೈಟ್ ಹರಳು ಸಿಗುವುದು ನಿಜ. ಪುಣೆ ಹತ್ತಿರದ ವಾಘೋಲಿಯ ನೀಲಿ ಕವನ್ಸೈಟಿಗೆ ಲೋಕವೇ ಮುಗಿಬೀಳುತ್ತದೆ. ಆದರೆ ಆ ಬಸಾಲ್ಟಿಗೆ ಸುಮಾರು 6.6 ಕೋಟಿ ವರ್ಷ. ನಮ್ಮ ಕಾಲಡಿಯ ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕಿಂತ ಹಳೆಯವು. ಭೂಮಿ ಅವನ್ನು ಮಡಚಿದೆ, ಅರೆದಿದೆ, ಬೇಯಿಸಿದೆ. ದೊಡ್ಡ ಪೊಳ್ಳು ಉಳಿದಿಲ್ಲ, ಹಾಗಾಗಿ ದೊಡ್ಡ ಹರಳೂ ಅಪರೂಪ. ಉಳಿದದ್ದು ಬಿರುಕುಗಳು, ಸೂಜಿ ತೂರುವಷ್ಟು ಸಂದುಗಳು, ತುಕ್ಕು ಹಿಡಿದ ಗೂಡುಗಳು. ಅಷ್ಟು ಜಾಗದಲ್ಲಿ ಬೆಳೆದ ಹರಳು ಸಣ್ಣದು, ಆದರೆ ಪಕ್ಕದವರ ಒತ್ತು ತಾಗದೆ ಬೆಳೆದಿದ್ದರೆ ಅದರ ಮೈಯಲ್ಲಿ ಒಂದು ಗೀರೂ ಇರುವುದಿಲ್ಲ. "ನಮ್ಮ ಕಡೆ ಏನೂ ಸಿಗೂದಿಲ್ಲ" ಅನ್ನುವವರು ಬರಿಗಣ್ಣಿಂದ ನೋಡಿದವರು.

ಮೊದಲು, ಎಲ್ಲಿ ಹೋಗಬಾರದು

ಕಪ್ಪತಗುಡ್ಡ. ಈ ಸೀಮೆಯ ಕಲ್ಲಿನ ಬಗ್ಗೆ ಆಸಕ್ತಿ ಇರುವ ಯಾರಿಗಾದರೂ ಮೊದಲು ಹೊಳೆಯುವ ಹೆಸರು ಅದೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಈ ಡಂಬಳ ಗುಡ್ಡಗಳ ಬಂಗಾರದ ಶಿಲೆಗಳ ಬಗ್ಗೆ ಬರೆದ. ಧಾರವಾಡದ ಹೆಸರನ್ನು ಈ ಶಿಲಾಸಮೂಹಕ್ಕೆ ಇಟ್ಟವನೂ ಅವನೇ. ಹೊಸೂರು, ಕಬಲಾಯತಕಟ್ಟಿ, ಅತ್ತಿಕಟ್ಟಿ ಸುತ್ತ ಹಳೆಯ ಬಂಗಾರದ ಗಣಿಗಳ ಗುರುತು ಇಂದಿಗೂ ಇದೆ. ಆದರೆ 2019ರಲ್ಲಿ ಗುಡ್ಡದ ಸುಮಾರು 244 ಚದರ ಕಿಲೋಮೀಟರು ವನ್ಯಜೀವಿ ಧಾಮವಾಯಿತು. ಅದರೊಳಗಿಂದ ಒಂದು ಬೆಣಚುಕಲ್ಲು ಜೇಬಿಗೆ ಹಾಕಿಕೊಂಡರೂ ತಪ್ಪು, ಕಾನೂನಿನ ಕಣ್ಣಿಗೆ ಅರಣ್ಯದ ಕಲ್ಲೂ ಅರಣ್ಯೋತ್ಪನ್ನವೇ. ಆ ಗುಡ್ಡ ಉಳಿಸಲು ಜನ ಬೀದಿಗಿಳಿದು ಹೋರಾಡಿದ್ದಾರೆ. ನಮ್ಮ ಡಬ್ಬಿಗೆ ಒಂದು ಹರಳು ಕಡಿಮೆ ಬಿದ್ದರೆ ನಷ್ಟವಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮಕ್ಕೂ, ಬೇರೆ ಮೀಸಲು ಅರಣ್ಯಕ್ಕೂ ಇದೇ ಮಾತು.

ಹಳೆಯ ಗಣಿಯ ಬಾಯಿ ಎಲ್ಲಿ ಕಂಡರೂ ಒಳಗೆ ಇಣುಕುವುದೂ ಬೇಡ. ಒಳಗಿನ ಗಾಳಿ ಕೆಟ್ಟಿರುತ್ತದೆ, ಕಮರಿ ಯಾವ ಪೊದೆಯ ಕೆಳಗಿದೆ ಗೊತ್ತಾಗುವುದಿಲ್ಲ.

ಗುಡಿಗಳು. ಲಕ್ಕುಂಡಿ, ಡಂಬಳ, ಗದಗದ ತ್ರಿಕೂಟೇಶ್ವರ ಇವೆಲ್ಲ ಬಳಪದ ಕಲ್ಲಿನ ಕೆತ್ತನೆ. ಲೆನ್ಸ್ ಹಿಡಿದು ಕಂಬ ನೋಡಿದರೆ ಕಲ್ಲಿನೊಳಗೇ ಕಪ್ಪು ಚುಕ್ಕೆಯಂಥ ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು, ಕಾಣಬಹುದು. ನೋಡಿ, ಆನಂದಪಡಿ, ಮುಟ್ಟಬೇಡಿ. ಆವರಣದಲ್ಲಿ ಬಿದ್ದ ಚಕ್ಕೆಯನ್ನೂ ತರಬೇಡಿ. ರೈಲು ಹಳಿಯ ಜಲ್ಲಿಯೂ ಬೇಡ. ಅಲ್ಲಿಗೆ ಇಳಿಯುವುದೇ ಅಪರಾಧ, ಮೇಲಾಗಿ ಆ ಕಲ್ಲು ಎಲ್ಲಿಂದ ಬಂತೋ ಯಾರಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಎಲ್ಲಿ?

ನನ್ನ ಡಬ್ಬಿಗಳಲ್ಲಿ ಮುಕ್ಕಾಲು ಪಾಲು ಮೂರು ಕಡೆಯಿಂದ ಬಂದವು, ಮೂರೂ ಯಾರಿಗೂ ಬೇಡವಾದದ್ದು.

ಒಂದು, ಬೋರ್‌ವೆಲ್ ಚೂರು. ಸೂಕ್ಷ್ಮ ಹರಳು ಹುಡುಕುವವನಿಗೆ ಇದಕ್ಕಿಂತ ಒಳ್ಳೆಯ ಗಣಿ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮೇಲಿನ ಕಲ್ಲು ಮಳೆ-ಬಿಸಿಲಿಗೆ ಕೊಳೆತಿರುತ್ತದೆ. ಬೋರು ಕೊಡುವುದು ಮುನ್ನೂರು-ನಾನೂರು ಅಡಿ ಕೆಳಗಿನ ತಾಜಾ ಕಲ್ಲು, ಅದೂ ಪುಡಿ ಮಾಡಿ, ಪುಕ್ಕಟೆ. ರಿಗ್ಗು ನಡೆಯುವಾಗ ಧೂಳು ಭಯಂಕರ, ದೂರ ನಿಲ್ಲಿ. ಸೂಪರ್‌ವೈಸರನ ಹತ್ತಿರ ಒಂದು ಮಾತು ಕೇಳಿ: ರಾಡು ಬದಲಿಸಿದಾಗಲೆಲ್ಲ ಒಂದು ಹಿಡಿ ಚೂರು ಬೇರೆ ಚೀಲದಲ್ಲಿ ಹಾಕಿ ಎಷ್ಟನೇ ರಾಡು ಎಂದು ಬರೆದಿಡಬಹುದಾ? ಒಂದು ರಾಡಿನ ಉದ್ದ ಎಷ್ಟು ಅಡಿ ಎಂದು ಅವರನ್ನೇ ಕೇಳಿ ಬರೆದುಕೊಂಡರೆ ಆಳ ಸಿಕ್ಕಿತು. ಚಹಾಕ್ಕೆ ಕರೆದರೆ ಯಾರೂ ಇಲ್ಲವೆನ್ನುವುದಿಲ್ಲ. ಹೊಲದವರನ್ನು ಕೇಳದೆ ಒಂದು ಚೂರನ್ನೂ ಎತ್ತಬೇಡಿ.

ಎರಡು, ಹೊಲದ ಬದು. ನಮ್ಮ ರೈತರು ತಲೆಮಾರುಗಳಿಂದ ನೇಗಿಲಿಗೆ ಅಡ್ಡ ಬಂದ ಬೆಣಚುಕಲ್ಲು ಆರಿಸಿ ಬದುವಿಗೆ ಒಟ್ಟಿದ್ದಾರೆ. ಆ ರಾಶಿಯಲ್ಲಿ ಹಾಲಿನಂಥ ಬಿಳಿ, ಗಟ್ಟಿ ಕಲ್ಲು ಬಿಟ್ಟುಬಿಡಿ. ನಿಮಗೆ ಬೇಕಾದದ್ದು ಕಂದು-ಹಳದಿ ತುಕ್ಕು ಹಿಡಿದ, ಜೇನುಗೂಡಿನಂತೆ ತೂತು ಬಿದ್ದ ಕಲ್ಲು. ಒಮ್ಮೆ ಅಲ್ಲಿ ಪೈರೈಟ್ ಅಥವಾ ಕಬ್ಬಿಣ ಬೆರೆತ ಕಾರ್ಬೊನೇಟ್ ಇತ್ತು. ನೀರು ಅದನ್ನು ಕರಗಿಸಿ ಒಯ್ದಿದೆ. ಉಳಿದ ಗೂಡಿನಲ್ಲಿ ಚೂಪು ತುದಿಯ ಸ್ಫಟಿಕ, ಗೋಥೈಟ್ ಎಂಬ ಕಬ್ಬಿಣದ ತುಕ್ಕಿನ ಖನಿಜದ ಮಿರುಗುವ ಕಪ್ಪು ಸೂಜಿ, ಕೆಲವೊಮ್ಮೆ ಪೈರೈಟಿನ ಆಕಾರವನ್ನು ಹಾಗೇ ಉಳಿಸಿಕೊಂಡು ಒಳಗೆಲ್ಲ ಗೋಥೈಟ್ ಆದ ಕಂದು ಘನ ಸಿಗುತ್ತವೆ. ಹಾವೇರಿಯ ಕರ್ಜಗಿ, ಗಣಜೂರು ಕಡೆ ಬಂಗಾರ ಹುಡುಕಿದವರು ಗಮನ ಕೊಟ್ಟದ್ದೂ ಇಂಥ ತುಕ್ಕುಗಲ್ಲಿಗೇ. ಧಾರವಾಡದವರಿಗೆ ಜಂಬಿಟ್ಟಿಗೆ ಕಲ್ಲಿನ ಪೊಳ್ಳುಗಳಿವೆ. ಮುರಿದಾಗ ಒಳಗೆ ದ್ರಾಕ್ಷಿ ಗೊಂಚಲಿನಂತೆ ಹೊಳೆಯುವ ಪದರ ಕಂಡರೆ ಅದೂ ಗೋಥೈಟೇ.

ಮೂರು, ಹಳ್ಳದ ಕರಿ ಮರಳು. ಇದಕ್ಕೆ ಆಮೇಲೆ ಬರುತ್ತೇನೆ, ಅದಕ್ಕೆ ಬೇರೆಯೇ ಕೈಚಳಕ ಬೇಕು.

ಕ್ರಷರ್, ಕ್ವಾರಿಗಳಿಗೆ ಮಾಲಕರ ಒಪ್ಪಿಗೆ ಇದ್ದರೆ ಮಾತ್ರ ಹೋಗಿ, ಭಾನುವಾರ ಯಂತ್ರ ನಿಂತಾಗ ಹೋಗಿ, ನೆಟ್ಟಗೆ ನಿಂತ ಗೋಡೆಯ ಬುಡದಲ್ಲಿ ಕೂರಬೇಡಿ.

ಹೊತ್ತು ಮುಖ್ಯ. ಮೊದಲ ಮಳೆ ಕಲ್ಲಿನ ಧೂಳು ತೊಳೆದ ಮರುದಿನ, ಬೆಳಿಗ್ಗೆ ಏಳರ ಓರೆ ಬಿಸಿಲಿನಲ್ಲಿ ಹರಳಿನ ಮುಖ ಕನ್ನಡಿಯಂತೆ ಕೂಗಿ ಕರೆಯುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಅದೇ ಕಲ್ಲು ಸತ್ತಂತೆ ಬಿದ್ದಿರುತ್ತದೆ. ಮಳೆ ಜೋರಾದ ಮೇಲೆ ಎರಿ ಹೊಲಕ್ಕೆ ಇಳಿಯಬೇಡಿ, ಚಪ್ಪಲಿ ಅಲ್ಲೇ ಉಳಿಯುತ್ತದೆ.

ಕೈಯಲ್ಲಿ ಏನಿರಬೇಕು

10 ಪಟ್ಟಿನ ಮಡಚುವ ಲೆನ್ಸ್. ಹುಬ್ಬಳ್ಳಿಯ ಕಂಚಗಾರ ಗಲ್ಲಿಯ ಸುತ್ತಮುತ್ತ ಅಕ್ಕಸಾಲಿಗರ ಸಾಮಾನು ಮಾರುವಲ್ಲಿ ಕೇಳಿ. 30 ಪಟ್ಟು ಎಂದು ಬರೆದ ಅಗ್ಗದ ಲೆನ್ಸಿಗೆ ಮರುಳಾಗಬೇಡಿ. ಹಿಡಿಯುವ ರೀತಿ ಬಹಳ ಜನ ತಪ್ಪು ಮಾಡುತ್ತಾರೆ: ಲೆನ್ಸನ್ನು ಕಲ್ಲಿನ ಹತ್ತಿರವಲ್ಲ, ಕಣ್ಣಿನ ಹತ್ತಿರ, ರೆಪ್ಪೆ ತಾಗುವಷ್ಟು ಇಟ್ಟುಕೊಂಡು ಕಲ್ಲನ್ನು ಮೆಲ್ಲಗೆ ಅದರತ್ತ ತರಬೇಕು. ಒಂದು ಇಂಚಿನ ಅಂತರದಲ್ಲಿ ತಟ್ಟನೆ ಲೋಕ ತೆರೆಯುತ್ತದೆ.

ಸುತ್ತಿಗೆ, ಉಳಿ, ಕಣ್ಣಿಗೆ ವೆಲ್ಡರ್‌ಗಳ ಬಿಳಿ ಕನ್ನಡಕ, ಒಳ್ಳೆಯ ಮಾಸ್ಕ್. ಬೆಣಚುಕಲ್ಲಿನ ಧೂಳು ಶ್ವಾಸಕೋಶದಿಂದ ಮರಳಿ ಹೋಗುವುದಿಲ್ಲ. ಕಲ್ಲು ಒದ್ದೆ ಮಾಡಿ ಒಡೆಯಿರಿ. ನಾರು ನಾರಾಗಿ ಬಿಡುವ ಹಸಿರು-ಬಿಳಿ ಕಲ್ಲು ಕಂಡರೆ ಕೆದಕದೆ ಬಿಡಿ, ಅದು ಕಲ್ನಾರಿನ ಬಳಗದ್ದಾಗಿರಬಹುದು. ಕಲ್ಲು ಒಡೆದಾಗ ಬೆಳ್ಳುಳ್ಳಿ ವಾಸನೆ ಬಂದರೆ ಅದು ಆರ್ಸೆನೋಪೈರೈಟ್. ಗದಗದ ಬಂಗಾರದ ಶಿಲಾಪಟ್ಟಿಯಲ್ಲಿ ಇದು ಸಾಮಾನ್ಯ. ಸಂಗ್ರಹಿಸಬಹುದು, ಆದರೆ ಅದರಲ್ಲಿರುವುದು ಪಾಷಾಣ. ಧೂಳು ಮಾಡಬೇಡಿ, ಬಿಸಿ ಮಾಡಬೇಡಿ, ಕೈ ತೊಳೆಯದೆ ರೊಟ್ಟಿ ಮುರಿಯಬೇಡಿ.

ಇವುಗಳ ಜೊತೆ ಹಳೆಯ ಪತ್ರಿಕೆ, ಸಣ್ಣ ಚೀಲ, ಪೆನ್ಸಿಲ್. ಪೆನ್ನಲ್ಲ, ಪೆನ್ಸಿಲ್, ಒದ್ದೆಯಾದರೂ ಅಳಿಯುವುದಿಲ್ಲ. ಕಲ್ಲು ಎತ್ತಿದ ಜಾಗದಲ್ಲೇ ಚೀಟಿ ಬರೆಯಿರಿ: ಊರು, ಯಾರ ಹೊಲದ ಯಾವ ದಿಕ್ಕು, ಫೋನಿನ ಜಿಪಿಎಸ್ ಅಂಕಿ, ತಾರೀಖು, ಬೋರಾದರೆ ಆಳ. ಮನೆಗೆ ಹೋಗಿ ಬರೆದರಾಯಿತು ಅಂದುಕೊಂಡು ನಾನು ಒಂದು ಇಡೀ ದಿನದ ಸಂಗ್ರಹ ಕಳೆದುಕೊಂಡಿದ್ದೇನೆ. ಕಲ್ಲುಗಳು ಇದ್ದವು, ಯಾವುದು ಶಿರಹಟ್ಟಿಯದು ಯಾವುದು ಮುಳಗುಂದದ್ದು ತಿಳಿಯಲಿಲ್ಲ. ಮನೆ ಮುಂದಿನ ತುಳಸಿಕಟ್ಟೆಯ ಬುಡಕ್ಕೆ ಹಾಕಿದೆ, ಇನ್ನೂ ಅಲ್ಲೇ ಇವೆ.

ಜಾಲಿಸುವ ಕೆಲಸ

ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಿಗೆ ಹಿಡಿದು ಮರಳು ತೊಳೆದು ಬಂಗಾರದ ಕಣ ತೆಗೆಯುತ್ತಿದ್ದವರನ್ನು ಜಲಗಾರರು ಎನ್ನುತ್ತಿದ್ದರು. ಅಕ್ಕಿ ಜಾಲಿಸಿ ಕಲ್ಲು ತೆಗೆದ ಕೈಗೆ ಈ ವಿದ್ಯೆ ಅರ್ಧ ಬಂದ ಹಾಗೇ. ವ್ಯತ್ಯಾಸ ಇಷ್ಟೇ: ಅಲ್ಲಿ ಅಕ್ಕಿ ಇಟ್ಟುಕೊಂಡು ಕಲ್ಲು ಚೆಲ್ಲುತ್ತೇವೆ, ಇಲ್ಲಿ ತಳದ ಕಲ್ಲೇ ಬೇಕು.

ಒಪ್ಪಿಗೆ ಇರುವ ಹೊಲದ ಹಳ್ಳದಲ್ಲಿ, ನೀರು ತಿರುವು ತೆಗೆದುಕೊಳ್ಳುವ ಒಳಮಗ್ಗುಲು, ದೊಡ್ಡ ಗುಂಡಿನ ಹಿಂದಿನ ಸಂದು ನೋಡಿ. ಭಾರದ ಕಣಗಳು ಅಲ್ಲಿ ನಿಲ್ಲುತ್ತವೆ. ಎರಡು ಹಿಡಿ ಸಾಕು. ಚೀಲಗಟ್ಟಲೆ ತುಂಬಿದರೆ ಅದು ಹವ್ಯಾಸವಲ್ಲ, ಮರಳು ದಂಧೆ, ಊರವರೂ ಹಾಗೇ ತಿಳಿಯುತ್ತಾರೆ. ಸ್ಟೀಲಿನ ಅಗಲ ತಟ್ಟೆಯಲ್ಲಿ ಮರಳು ಹಾಕಿ ನೀರಲ್ಲಿ ಮುಳುಗಿಸಿ, ಮಣ್ಣು ಕದಡಿ ಚೆಲ್ಲಿ. ಆಮೇಲೆ ತಟ್ಟೆಯನ್ನು ಮುಂದಕ್ಕೆ ಬಾಗಿಸಿ ಅಡ್ಡಡ್ಡ ಅಲುಗಿಸುತ್ತ ಮೇಲಿನ ಬಿಳಿ ಮರಳನ್ನು ಅಲೆಯ ಜೊತೆ ಹೋಗಗೊಡಿ. ಕೈ ಅವಸರ ಮಾಡಬಾರದು. ಹತ್ತು ನಿಮಿಷದಲ್ಲಿ ತಳದಲ್ಲಿ ಒಂದು ಚಮಚ ಕಪ್ಪು ಉಳಿಯುತ್ತದೆ.

ಒಣಗಿಸಿ ಕಾಗದದ ಮೇಲೆ ಹರಡಿ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಮೇಲೆ ಆಡಿಸಿ. ಮ್ಯಾಗ್ನೆಟೈಟ್ ಎಲ್ಲ ಕವರಿಗೆ ಅಂಟಿಕೊಂಡು ಬರುತ್ತದೆ, ಕವರು ತಿರುವಿದರೆ ಉದುರುತ್ತದೆ. ಬರಿ ಅಯಸ್ಕಾಂತ ಆಡಿಸಿದರೆ ಆ ಗಡ್ಡ ಬಿಡಿಸಲು ಒಂದು ವಾರ ಬೇಕು, ನಾನು ಬಿಡಿಸಿದ್ದೇನೆ. ಉಳಿದದ್ದು ಸೂಕ್ಷ್ಮದರ್ಶಕಕ್ಕೆ. ಮೇಲಿನ ಶಿಲೆ ಎಂಥದ್ದು ಎಂಬುದರ ಮೇಲೆ ಅದರಲ್ಲಿ ಕೆಂಪು ಗಾರ್ನೆಟ್, ಪಿಸ್ತಾ ಹಸಿರಿನ ಎಪಿಡೋಟ್, ಕೆಂಗಪ್ಪು ರೂಟೈಲ್, ಎರಡೂ ತುದಿ ಚೂಪಾದ ಜಿರ್ಕಾನ್ ಸಿಗಬಹುದು. ಹಳ್ಳದಲ್ಲಿ ಬಹಳ ದೂರ ಉರುಳಿದ್ದರೆ ಮೂಲೆಗಳು ಸವೆದಿರುತ್ತವೆ. ಮೊನಚು ಬೇಕಾದರೆ ಹಳ್ಳದ ಮೇಲ್ಭಾಗಕ್ಕೆ ಹೋಗಿ.

"ಏನ್ ಹುಡುಕಾಕತ್ತೀರಿ ಸರ, ಬಂಗಾರ ಏನು?" ಎಂದು ಕುರಿ ಕಾಯುವವರು ಕೇಳಿಯೇ ಕೇಳುತ್ತಾರೆ. ಲೆನ್ಸು ಅವರ ಕೈಗೆ ಕೊಡಿ. ಐದು ನಿಮಿಷದಲ್ಲಿ ಅವರೇ ನಿಮಗಿಂತ ಚೆನ್ನಾಗಿ ಆರಿಸುತ್ತಾರೆ.

ಮನೆಗೆ ಬಂದ ಮೇಲೆ

ತೊಳೆಯುವುದು. ನೀರು, ಮೆತ್ತನೆ ಹಲ್ಲುಜ್ಜುವ ಬ್ರಷ್, ಒಂದು ಹನಿ ಪಾತ್ರೆ ತೊಳೆಯುವ ಸೋಪು. ಕೊನೆಯ ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಇಲ್ಲದಿದ್ದರೆ ನಮ್ಮ ಗಡಸು ಬೋರು ನೀರು ಒಣಗಿ ಹರಳಿನ ಮೇಲೆ ಬಿಳಿ ಕಲೆ ಬಿಡುತ್ತದೆ. ಸೂಜಿಯಂಥ ಹರಳಿದ್ದರೆ ಬ್ರಷ್ ತಾಗಿಸದೆ ಪಿಚಕಾರಿಯಿಂದ ನೀರು ಬಿಡಿ. ಕನ್ನಡಕ ತೊಳೆಯುವ ಅಲ್ಟ್ರಾಸೋನಿಕ್ ಡಬ್ಬಿ ಗಟ್ಟಿ ಕಲ್ಲಿಗೆ ಚೆನ್ನ, ನಾಜೂಕಿನದಕ್ಕೆ ಯಮ.

ಆಮ್ಲದ ವಿಷಯ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಹೊಸಬರು ಕಲ್ಲು ಕೊಲ್ಲುವುದು ಇಲ್ಲೇ. ಬೆಣಚುಕಲ್ಲಿನ ತುಕ್ಕು ತೆಗೆಯಲು ಆಕ್ಸಾಲಿಕ್ ಆಮ್ಲದ ತೆಳು ದ್ರಾವಣದಲ್ಲಿ ಕೆಲವು ದಿನ ನೆನೆಹಾಕಬಹುದು. ಇದು ವಿಷ, ಅಡುಗೆಮನೆಯ ಪಾತ್ರೆ ಬೇಡ, ಕಾಯಿಸುವುದು ಬೇಡ, ಮಕ್ಕಳಿಂದ ದೂರ. ಎಷ್ಟು ದಿನ ಆಮ್ಲದಲ್ಲಿತ್ತೋ ಅಷ್ಟೇ ದಿನ ನೀರು ಬದಲಿಸುತ್ತ ಶುದ್ಧ ನೀರಿನಲ್ಲಿಡಿ. ಕ್ಯಾಲ್ಸೈಟ್ (ಸುಣ್ಣದ ಖನಿಜ) ಇದ್ದ ಕಲ್ಲನ್ನು ಇದರಲ್ಲಿ ಹಾಕಲೇಬೇಡಿ, ಹರಳು ಕೊರೆದುಹೋಗಿ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಇನ್ನೊಂದು ಮಾತು: ಆ ತುಕ್ಕು ಎಂಬುದೇ ಎಷ್ಟೋ ಸಲ ನೀವು ಹುಡುಕುತ್ತಿದ್ದ ಗೋಥೈಟ್. ಮೊದಲು ನೋಡಿ, ಆಮೇಲೆ ತೊಳೆಯಿರಿ.

ಹೈಡ್ರೋಕ್ಲೋರಿಕ್ ಆಮ್ಲ ಕ್ಯಾಲ್ಸೈಟ್ ತಿಂದು ಅದರಡಿ ಹೂತ ಸ್ಫಟಿಕವನ್ನು ಬಿಡಿಸುತ್ತದೆ. ನಾನು ಜಾಣತನ ಮಾಡಿ ಬಚ್ಚಲು ತೊಳೆಯುವ ನೀಲಿ ದ್ರವ ಬಳಸಿದೆ. ಸ್ಫಟಿಕ ಬಿಡಿಸಿತು, ಜೊತೆಗೆ ಸಂದಿನಲ್ಲಿ ಮರೆಯಾಗಿದ್ದ, ಮಂಜಿನ ಹನಿಯಂಥ ಕ್ಯಾಲ್ಸೈಟಿನ ಹರಳುಗಳನ್ನೂ ಮುಗಿಸಿತು. ಅವಿದ್ದವು ಎಂದು ಗೊತ್ತಾದದ್ದು ಹಿಂದಿನ ದಿನ ತೆಗೆದ ಫೋಟೋ ನೋಡಿದಾಗ. ಈ ಆಮ್ಲವನ್ನು ಬ್ಲೀಚಿನ ಜೊತೆ ಎಂದಿಗೂ ಸೇರಿಸಬೇಡಿ, ಏಳುವ ಕ್ಲೋರಿನ್ ಹೊಗೆ ಪ್ರಾಣಕ್ಕೇ ಎರವಾಗಬಹುದು.

ಕತ್ತರಿಸುವುದು. ಹರಳು ಎರಡು ಮಿಲಿಮೀಟರ್, ಕಲ್ಲು ಮುಷ್ಟಿಯಷ್ಟು. ಸುತ್ತಿಗೆ ಹೊಡೆದರೆ ನಡುಕಕ್ಕೆ ಹರಳೇ ಹಾರುತ್ತದೆ. ಒತ್ತಿ ಸೀಳಬೇಕು. ವರ್ಕ್‌ಶಾಪಿನಲ್ಲಿ ಒಂದು ಗಟ್ಟಿ ಜಿ-ಕ್ಲಾಂಪಿನ ಎರಡೂ ಬಾಯಿಗೆ ಉಳಿಯ ಅಂಚಿನ ತುಂಡು ವೆಲ್ಡ್ ಮಾಡಿಸಿಕೊಂಡೆ, ಅದೇ ನನ್ನ ಯಂತ್ರ. ಹರಳಿನಿಂದ ಸಾಧ್ಯವಾದಷ್ಟು ದೂರ ಅಂಚು ಇಟ್ಟು, ಕಾಲು ಸುತ್ತು, ತಡೆದು, ಮತ್ತೆ ಕಾಲು ಸುತ್ತು ತಿರುಗಿಸಿ. "ಟಕ್" ಎಂದು ಸೀಳುತ್ತದೆ. ಮೇಲೆ ಬಟ್ಟೆ ಮುಚ್ಚಿ, ಇಲ್ಲದಿದ್ದರೆ ಬೇಕಾದ ಚೂರು ಕಪಾಟಿನ ಹಿಂದೆ ಸೇರುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದೇ ಇದರ ಕಷ್ಟ. ಇನ್ನೊಂದು ಸಲ ಕತ್ತರಿಸಿದರೆ ಚೆಂದ ಕಾಣುತ್ತದೆ ಅನಿಸಿದಾಗ ಕೆಳಗಿಡಿ.

ನೋಡುವ ಯಂತ್ರ

ಶಾಲೆಯ ಸೂಕ್ಷ್ಮದರ್ಶಕ ಇದಕ್ಕೆ ಆಗದು. ಅದು ಗಾಜಿನ ಪಟ್ಟಿಯ ಮೇಲಿನ ತೆಳು ಪದರಕ್ಕೆ, ಬೆಳಕು ಕೆಳಗಿಂದ. ನಮಗೆ ಬೇಕಾದದ್ದು ಎರಡೂ ಕಣ್ಣಿಗೆ ಬೇರೆ ಬೇರೆ ಕೋನದಿಂದ ತೋರಿಸುವ ಸ್ಟೀರಿಯೋ ಸೂಕ್ಷ್ಮದರ್ಶಕ. ಅದರಲ್ಲಿ ಆಳ ಕಾಣುತ್ತದೆ, ಗೂಡಿನೊಳಗೆ ಇಳಿದ ಅನುಭವ. ಅಂಬಾಲಾದಲ್ಲಿ ತಯಾರಾದ ಸಾಧಾರಣ ಯಂತ್ರ ಸಾಕು, ಮೊಬೈಲ್ ರಿಪೇರಿಯವರು ಬಳಸುವುದೂ ಇದೇ ಜಾತಿ, ಅವರಲ್ಲಿ ಹಳೆಯದು ಸಿಗಬಹುದು. 10 ಪಟ್ಟಿನಲ್ಲಿ ಸುಮಾರು 20 ಮಿಲಿಮೀಟರ್ ಅಗಲ ಕಾಣುತ್ತದೆ, 40ರಲ್ಲಿ ಸುಮಾರು 5. ಹುಡುಕಲು 10, ನೋಡಲು 30. "1000 ಪಟ್ಟು" ಎಂದು ಮಾರುವ ಯುಎಸ್‌ಬಿ ಕ್ಯಾಮೆರಾ ನಂಬಬೇಡಿ. ಆ ಅಂಕಿ ಪರದೆಯದು, ಲೆನ್ಸಿನದಲ್ಲ.

ಯಂತ್ರಕ್ಕಿಂತ ಬೆಳಕು ದೊಡ್ಡದು. ಬಾಗುವ ಕತ್ತಿನ ಎರಡು ಎಲ್‌ಇಡಿ ದೀಪ, ಒಂದು ಎಡಕ್ಕೆ ತಗ್ಗಿನಲ್ಲಿ, ಒಂದು ಬಲಕ್ಕೆ ಮೇಲೆ. ಟ್ರೇಸಿಂಗ್ ಪೇಪರಿನ ಒಂದು ತುಂಡು ಅಡ್ಡ ಹಿಡಿದರೆ ಪೈರೈಟಿನ ಕಣ್ಣು ಕುಕ್ಕುವ ಹೊಳಪು ಇಳಿದು ಮೈಮೇಲಿನ ಗೆರೆಗಳು ಕಾಣುತ್ತವೆ.

ಗುರುತು ಹಿಡಿಯುವುದು

ಲೋಕದಲ್ಲಿ ಈಗ 6,000ಕ್ಕೂ ಹೆಚ್ಚು ಖನಿಜಗಳಿಗೆ ಹೆಸರಿದೆ. ಅವುಗಳಲ್ಲಿ ಬಹುಪಾಲು ಕಣವಾಗಿಯೇ ಸಿಗುವಂಥವು. ಆದರೆ ಶುರುವಿಗೆ ಇಪ್ಪತ್ತು ತಿಳಿದರೆ ಸಾಕು.

ಆಕಾರವೇ ಮೊದಲ ಗುರುತು. ಪೈರೈಟ್ ಘನದ ಮುಖದ ಮೇಲೆ ಗೆರೆಗಳಿರುತ್ತವೆ, ಪಕ್ಕದ ಮುಖದ ಗೆರೆ ಇದಕ್ಕೆ ಲಂಬ. ಐದು ಮೂಲೆಯ ಹನ್ನೆರಡು ಮುಖ ಕಂಡರೂ ಅದು ಪೈರೈಟೇ. ಬೆಳ್ಳಿಯಂತೆ ಬಿಳಿ, ವಜ್ರಾಕೃತಿಯ ಅಡ್ಡಸೀಳಿನದು ಆರ್ಸೆನೋಪೈರೈಟ್. ಕಾಮನಬಿಲ್ಲಿನ ಬಣ್ಣ ಹಿಡಿದ, ಸೂಜಿ ಸುಲಭವಾಗಿ ಗೀರುವ ಹಳದಿ ಚಾಲ್ಕೋಪೈರೈಟ್. ಬಂಗಾರ ಅನಿಸಿದ್ದಕ್ಕೆ ಸೂಜಿ ಒತ್ತಿ: ಕಾಗೆಬಂಗಾರ ಪದರು ಬಿಡುತ್ತದೆ, ಪೈರೈಟ್ ಪುಡಿಯಾಗುತ್ತದೆ, ಬಂಗಾರ ಮಾತ್ರ ಬೆಣ್ಣೆಯಂತೆ ತಗ್ಗು ಬೀಳುತ್ತದೆ. ಈವರೆಗೆ ನನಗೆ ತಗ್ಗು ಬಿದ್ದದ್ದು ಒಂದೇ ಸಲ, ಧೂಳಿನ ಕಣದಷ್ಟು.

ಬೆಣಚುಕಲ್ಲಿನ ಸ್ಫಟಿಕಕ್ಕೆ ಆರು ಮಗ್ಗುಲು, ಮಗ್ಗುಲಿನ ಮೇಲೆ ಅಡ್ಡ ಗೆರೆ. ಟೂರ್ಮಲಿನ್‌ಗೆ ಉದ್ದ ಗೆರೆ, ತುದಿಯಿಂದ ನೋಡಿದರೆ ಉಬ್ಬಿದ ತ್ರಿಕೋನ. ಗಾರ್ನೆಟ್‌ಗೆ ಹನ್ನೆರಡು ವಜ್ರಾಕಾರದ ಮುಖ. ಮ್ಯಾಗ್ನೆಟೈಟ್ ಎರಡು ಗೋಪುರವನ್ನು ಬುಡಕ್ಕೆ ಬುಡ ಅಂಟಿಸಿದಂತೆ. ಕ್ಯಾಲ್ಸೈಟ್ ವಿನೆಗರಿಗೂ ಗುಳ್ಳೆ ಬಿಡುತ್ತದೆ. ಅದರ ಬಳಗದ ಡಾಲೊಮೈಟ್, ಆಂಕೆರೈಟ್ ಪುಡಿ ಮಾಡಿ ಬಲವಾದ ಆಮ್ಲ ಹಾಕಿದಾಗ ಮಾತ್ರ, ಅದೂ ಸೋಮಾರಿಯಾಗಿ. ಮೆರುಗಿಲ್ಲದ ಟೈಲ್ಸಿನ ಹಿಂಬದಿಗೆ ಉಜ್ಜಿದರೆ ಹೆಮಟೈಟ್ ಕುಂಕುಮದಂಥ ಕೆಂಪು, ಗೋಥೈಟ್ ಹಳದಿಗಂದು, ಮ್ಯಾಗ್ನೆಟೈಟ್ ಕಪ್ಪು ಗೆರೆ ಎಳೆಯುತ್ತವೆ. ಕಲ್ಲಿನ ಮೇಲೆ ಜರಿಗಿಡದಂಥ ಕಪ್ಪು ಚಿತ್ರ ಕಂಡು ಪಳೆಯುಳಿಕೆ ಎಂದು ಓಡಿಬರುವವರು ವರ್ಷಕ್ಕೆ ಇಬ್ಬರಾದರೂ ಇರುತ್ತಾರೆ. ಅದು ಮ್ಯಾಂಗನೀಸ್ ಆಕ್ಸೈಡ್, ಬಿರುಕಿನಲ್ಲಿ ನೀರು ಬರೆದ ರಂಗೋಲಿ.

ಅಪರೂಪದ್ದು ಬೇಕೇ? ಎರಡು ಕಡೆ ಕಣ್ಣಿಡಿ. ಆರ್ಸೆನೋಪೈರೈಟ್ ಕೊಳೆತ ಜಾಗದ ಹಸಿರುಬೂದು ಪೊರೆಯಲ್ಲಿ ಸ್ಕೊರೊಡೈಟಿನ ಪುಟ್ಟ ಗೋಪುರಗಳು ಹುಟ್ಟಬಹುದು, ಪಕ್ಕದಲ್ಲೇ ಅರಿಶಿನ ಬಣ್ಣದ ಜರೊಸೈಟ್. ಎರಡನೆಯದು ಶೀಲೈಟ್, ಟಂಗ್‌ಸ್ಟನ್ನಿನ ಅದಿರು. ಗದಗದ ಬಂಗಾರದ ಶಿಲಾಪಟ್ಟಿಯಲ್ಲಿ ಅದು ದಾಖಲಾಗಿದೆ. ಹಗಲಿನಲ್ಲಿ ಬೆಣಚುಕಲ್ಲಿನಿಂದ ಬೇರೆ ಮಾಡುವುದು ಕಷ್ಟ. ಕತ್ತಲಲ್ಲಿ 254 ನ್ಯಾನೊಮೀಟರಿನ ನೇರಳಾತೀತ ದೀಪ ಬಿಟ್ಟರೆ ಆಕಾಶನೀಲಿಯಾಗಿ ಉರಿಯುತ್ತದೆ. ನೋಟು ಪರೀಕ್ಷಿಸುವ ಅಗ್ಗದ ಟಾರ್ಚಿನ ಅಲೆ ಇದಕ್ಕಿಂತ ಉದ್ದದ್ದು, ಅದಕ್ಕೆ ಶೀಲೈಟ್ ಏಳುವುದಿಲ್ಲ. 254ರ ದೀಪ ಕಣ್ಣು, ಚರ್ಮ ಸುಡುತ್ತದೆ, ತಕ್ಕ ಕನ್ನಡಕ ಹಾಕಿ, ಬೆಳಕನ್ನು ನೇರ ನೋಡಬೇಡಿ.

ಇಷ್ಟಾದರೂ ತಿಳಿಯದಿದ್ದರೆ "ಗುರುತಾಗಿಲ್ಲ" ಎಂದೇ ಬರೆಯಿರಿ. ಊಹೆಯ ಹೆಸರು ಒಮ್ಮೆ ಡಬ್ಬಿ ಮೇಲೆ ಹತ್ತಿದರೆ ಇಳಿಯುವುದಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗವಿದೆ. ತೊಳೆದು, ಜಾಗ ಬರೆದು, ಎರಡೇ ಕಲ್ಲು ಒಯ್ದು ವಿನಯದಿಂದ ಕೇಳುವುದಕ್ಕೂ, ಚೀಲ ಹೊತ್ತು "ಇದರಾಗ ಏನೈತಿ ಹೇಳ್ರಿ" ಅನ್ನುವುದಕ್ಕೂ ಬಹಳ ಅಂತರವಿದೆ.

ಡಬ್ಬಿಯಲ್ಲಿ ಕೂರಿಸುವುದು

ಪರದೇಶದಲ್ಲಿ ಇದಕ್ಕೆಂದೇ ಇಂಚಿನ ಡಬ್ಬಿ ಮಾರುತ್ತಾರೆ. ನಮಗೆ ಮೂಗುಬೊಟ್ಟಿನ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಇದೆ, ಡಜನ್ ಲೆಕ್ಕದಲ್ಲಿ ಅಗ್ಗ. ಒಳಗೆ ಹೊಳಪಿಲ್ಲದ ಕಪ್ಪು ಕಾಗದ ಅಂಟಿಸಿ, ಹಿನ್ನೆಲೆ ಕಪ್ಪಾದಾಗಲೇ ಹರಳು ಎದ್ದು ಕಾಣುವುದು.

ಪೀಠಕ್ಕೆ ನಾನು ಮೊದಲು ಬಳಸಿದ್ದು ಜೋಳದ ದಂಟಿನ ಬೆಂಡು. ಸಣ್ಣವರಿದ್ದಾಗ ಗಾಡಿ ಮಾಡಿ ಆಡಿದ್ದು ಅದರಿಂದಲೇ. ಹಗುರ, ಬ್ಲೇಡಿಗೆ ಬೆಣ್ಣೆಯಂತೆ ಕೊಯ್ಯುತ್ತದೆ, ಸೊಗಸಾಗಿ ಕೂರುತ್ತದೆ. ಎರಡನೇ ಮಳೆಗಾಲಕ್ಕೆ ಹುಳ ಬಿತ್ತು. ಈಗ ಬಾಟಲಿಯ ಕಾರ್ಕ್, ತೀರ ಸಣ್ಣದಕ್ಕೆ ಊದುಬತ್ತಿಯ ಬಿದಿರು ಕಡ್ಡಿ, ಅದಕ್ಕೂ ಸಣ್ಣದಕ್ಕೆ ಜಾಲಿಮುಳ್ಳು. ಕಪ್ಪು ಪೋಸ್ಟರ್ ಬಣ್ಣ ಬಳಿದು ಒಣಗಿಸಿ. ಪೀಠ ಹರಳಿಗಿಂತ ಅಗಲ ಇರಬಾರದು; ಮೇಲಿಂದ ನೋಡಿದಾಗ ಹರಳು ಗಾಳಿಯಲ್ಲಿ ತೇಲುವಂತಿರಬೇಕು.

ಅಂಟಿಗೆ ಬಿಳಿ ಫೆವಿಕಾಲ್, ಸೂಜಿಮೊನೆಯಷ್ಟು. ನೀರಲ್ಲಿ ನೆನೆದರೆ ಬಿಡುತ್ತದೆ, ತಪ್ಪು ಕೂರಿಸಿದ್ದನ್ನು ಸರಿಮಾಡಬಹುದು. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಬೇಡವೇ ಬೇಡ: ಮುಚ್ಚಿದ ಡಬ್ಬಿಯಲ್ಲಿ ಅದರ ಆವಿ ಹರಳಿನ ಮೇಲೆ ಮಂಜು ಕೂರಿಸುತ್ತದೆ. ಬಿಡಿ ಕಣ ಎತ್ತಲು ಚಿಮುಟ ಬಳಸಿದರೆ ಅದು ಚಿಮ್ಮಿ ಹೋಗುತ್ತದೆ, ನೆಲದ ಮೇಲೆ ಹುಡುಕುತ್ತ ಸಂಜೆ ಕಳೆಯುತ್ತದೆ. ನೀರದ್ದಿದ ಸಣ್ಣ ಬ್ರಷ್ಷಿನ ತುದಿ ಸಾಕು. ಫ್ಯಾನು ಆರಿಸಿ ಕೂರುವುದು ಮರೆಯಬೇಡಿ.

ಚೀಟಿ ಡಬ್ಬಿಯ ಅಡಿಯಲ್ಲಿ: ಖನಿಜದ ಹೆಸರು, ಊರು-ತಾಲೂಕು-ಜಿಲ್ಲೆ, ತಾರೀಖು, ಸಿಕ್ಕ ಬಗೆ, ಕ್ರಮಾಂಕ. ಅದೇ ಕ್ರಮಾಂಕ ಒಂದು ನೋಟುಪುಸ್ತಕದಲ್ಲಿ, ವಿವರವಾಗಿ. ಹರಳು ಕಳೆದರೆ ಇನ್ನೊಂದು ಸಿಗಬಹುದು. ಮುಚ್ಚಿದ ಬೋರಿನ 320ನೇ ಅಡಿಯಿಂದ ಬಂದದ್ದು ಎಂಬ ಮಾತು ಕಳೆದರೆ ಅದನ್ನು ಯಾವ ಪ್ರಯೋಗಾಲಯವೂ ತಂದುಕೊಡಲಾರದು. ಜಾಗ ಬರೆಯದ ಚೆಂದದ ಹರಳಿಗಿಂತ ಜಾಗ ಬರೆದ ಕುರೂಪಿ ಹರಳು ನನಗೆ ಹೆಚ್ಚು. ಮನೆ ಕಟ್ಟುವಲ್ಲಿ ಸುರಿದ ಜಲ್ಲಿಯಲ್ಲಿ ಒಮ್ಮೆ ಅದ್ಭುತ ಎಪಿಡೋಟ್ ಸಿಕ್ಕಿತ್ತು. ಲಾರಿ ಎಲ್ಲಿಯದು ಯಾರಿಗೂ ಗೊತ್ತಿಲ್ಲ. ಚೀಟಿಯ ಮೇಲೆ "ವಿದ್ಯಾನಗರ, ಹುಬ್ಬಳ್ಳಿ, ಕ್ವಾರಿ ತಿಳಿಯದು" ಎಂದಿದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಫೋಟೋ, ಮಳೆಗಾಲ, ಅಂಚೆ

ಸೂಕ್ಷ್ಮದರ್ಶಕದ ಕಣ್ಣಿಗೆ ಫೋನು ಹಿಡಿಯುವ ಹೋಲ್ಡರ್ ಸಿಗುತ್ತದೆ. ಒಂದೇ ಫೋಟೋದಲ್ಲಿ ಹರಳಿನ ಮೂಗು ಸ್ಪಷ್ಟ, ಕಿವಿ ಮಸುಕು. ಅದಕ್ಕೆ ಫೋಕಸ್ ಗುಂಡಿಯನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸುತ್ತ 20-30 ಫೋಟೋ ತೆಗೆದು ಒಂದುಗೂಡಿಸಬೇಕು. ಪಿಕೊಲೇ ಎಂಬ ಉಚಿತ ತಂತ್ರಾಂಶ ಸಾಕು, ಹಣ ಇದ್ದವರು ಹೆಲಿಕಾನ್ ಫೋಕಸ್, ಜೆರೀನ್ ಕೊಳ್ಳುತ್ತಾರೆ. ಮೇಜು ಗಟ್ಟಿ ಇರಲಿ, ನಮ್ಮ ಬೀದಿಯಲ್ಲಿ ಬಸ್ಸು ಹೋದಾಗಲೆಲ್ಲ ನಾನು ಮೊದಲಿನಿಂದ ಶುರುಮಾಡುತ್ತೇನೆ.

ಮಳೆಗಾಲದ ಶತ್ರು ಪೈರೈಟಿನ ರೋಗ. ತೇವಕ್ಕೆ ಕೆಲವು ಪೈರೈಟ್ ಒಳಗಿಂದ ಕೊಳೆತು ಬಿಳಿ-ಹಳದಿ ಪುಡಿ ಬಿಡುತ್ತದೆ, ಜೊತೆಗೆ ಗಂಧಕಾಮ್ಲ ಹುಟ್ಟಿ ಚೀಟಿಯನ್ನೂ ಪಕ್ಕದ ಡಬ್ಬಿಯನ್ನೂ ತಿನ್ನುತ್ತದೆ. ಗದಗಿಗಿಂತ ಧಾರವಾಡದಲ್ಲಿ ಇದು ಹೆಚ್ಚು. ತೊಳೆದ ಪೈರೈಟನ್ನು ಪೂರ್ತಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಬೇರೆ ಇಡಿ. ಬೂಟಿನ ಪೆಟ್ಟಿಗೆಯಲ್ಲಿ ಬರುವ ಪೊಟ್ಟಣಗಳನ್ನು ಎಸೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಮ್ಮೆ ಮುಚ್ಚಳ ತೆರೆದು ಮೂಸಿ ನೋಡಿ. ಗಂಧಕದ ವಾಸನೆ ಬಂದದ್ದನ್ನು ತಕ್ಷಣ ಹೊರಗೆ.

ನೂರು ಡಬ್ಬಿ ಆದ ಮೇಲೆ ಒಂದೇ ಜಾತಿಯವು ಹತ್ತಾರು ಉಳಿಯುತ್ತವೆ. ಅವು ಅದಲುಬದಲಿಗೆ. ಪುಣೆಯವರಿಗೆ ಸ್ಟಿಲ್ಬೈಟ್ ಕಸಕ್ಕೆ ಸಮ, ಗದಗದ ಬೋರಿನ ಪೈರೈಟ್ ಅಪರೂಪ. ಅಂಚೆಗೆ ಹಾಕುವಾಗ ಹರಳನ್ನು ಹತ್ತಿಯಲ್ಲಿ ಸುತ್ತಬೇಡಿ, ಎಳೆ ಸಿಕ್ಕಿಕೊಂಡು ಸೂಜಿಗಳೆಲ್ಲ ಮುರಿಯುತ್ತವೆ. ಡಬ್ಬಿಯ ತಳಕ್ಕೆ ಪೀಠ ಗಟ್ಟಿಯಾಗಿ ಅಂಟಿದೆಯೇ ಎಂದು ತಲೆಕೆಳಗು ಮಾಡಿ ಮೆಲ್ಲಗೆ ತಟ್ಟಿ ನೋಡಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಡಬ್ಬಿಯನ್ನು ಚುರುಮುರಿ ತುಂಬಿದ ದೊಡ್ಡ ಪೆಟ್ಟಿಗೆಯ ನಡುವೆ ಹೂತಿಡಿ. ಥರ್ಮಾಕೋಲಿಗಿಂತ ಅದೇ ವಾಸಿ, ಆ ಕಡೆಯವರು ಇರುವೆ ಬರುವ ಮುಂಚೆ ಪೆಟ್ಟಿಗೆ ತೆರೆಯುತ್ತಾರೆ.